ಕಲ್ಲಿಗೂ ಕ್ಯಾಪ್ಶನ್ ಬೇಕು: ಹುಡುಕಿದ್ರ ನಮ್ಮೂರು ಸಿಗ್ತದೇನು?

ಭಾಗ 1
ದೋಸ್ತರೇ, ಹೋದ ವರ್ಷ ನಾನು, ನನ್ನ ಗೆಳೆಯ ಸೇರಿ ನಮ್ಮ ಕಡೆ ಇತಿಹಾಸದ ಬಗ್ಗೆ ಒಂದು ಸಣ್ಣ ವೆಬ್‌ಸೈಟ್ ಮಾಡಿದ್ವಿ. ಮಳಖೇಡ ಕೋಟೆ, ಸನ್ನತಿ, ನಾಗಾವಿ ಎಲ್ಲಾ ತಿರುಗಿ ಫೋಟೋ ತೆಗೆದಿದ್ವಿ. ಹಾಕಿ ತಿಂಗಳಾದ ಮೇಲೆ ಗೂಗಲ್‌ನಾಗ ಹುಡುಕಿದ್ರ ನಮ್ಮ ಸೈಟ್ ಎಲ್ಲೂ ಇಲ್ಲ! ತಪ್ಪು ಯಾರದೂ ಅಲ್ಲ, ನಮ್ಮದೇ. ಆ ತಪ್ಪಿನ ಉತ್ತರ ನನಗೆ ಸಿಕ್ಕಿದ್ದು ಚಿತ್ತಾಪುರ ತಾಲ್ಲೂಕಿನ ಒಂದು ಕಲ್ಲಿನ ಮೇಲೆ.

ಭಾಗ 2
1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ. ಆದರೆ ಅವನಿಗೆ ಸಿಕ್ಕ ಶಾಸನಗಳಲ್ಲಿ ಇದ್ದದ್ದು "ದೇವಾನಾಂಪಿಯ ಪಿಯದಸಿ" ಅನ್ನೋ ಬಿರುದು ಮಾತ್ರ. ಮೊದಲು ಅವನು ಇದು ಶ್ರೀಲಂಕಾದ ರಾಜ ಇರಬೇಕು ಅಂದುಕೊಂಡ. ಆಮೇಲೆ ಪಾಲಿ ಗ್ರಂಥಗಳ ಸಹಾಯದಿಂದ ಅದು ಅಶೋಕನೇ ಅಂತ ಗುರುತಾಯ್ತು. ಶಾಸನದ ಒಳಗೇ ಅಶೋಕ ಅನ್ನೋ ಹೆಸರು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕಂಡವನು ಬೀಡನ್ ಅನ್ನೋ ಗಣಿ ಎಂಜಿನಿಯರ್.

ಮುಂದೆ 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಾಣಿಸ್ತು. 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಒಂದು ಬೌದ್ಧ ಸ್ತೂಪವೇ ಹೊರಗೆ ಬಂತು. ಅದರೊಳಗಿನ ಒಂದು ಫಲಕದಲ್ಲಿ ರಾಜ, ರಾಣಿ, ಪರಿಚಾರಿಕೆಯರು. ಮೇಲೆ ಬ್ರಾಹ್ಮಿಯಲ್ಲಿ ಎರಡೇ ಪದ: "ರಾಯೋ ಅಸೋಕೋ". ಅಂದ್ರ ಅಶೋಕ ರಾಜ.

ಆ ಎರಡು ಪದ ಇಲ್ಲದಿದ್ರೆ ಅವನು ಯಾವುದೋ ಒಬ್ಬ ರಾಜ ಆಗಿ ಉಳೀತಿದ್ದ. ಅಶೋಕ ತೀರಿಕೊಂಡು ಶತಮಾನಗಳಾದ ಮೇಲೆ ಆ ಶಿಲ್ಪಿ ಕ್ಯಾಪ್ಶನ್ ಕೆತ್ತಿದ. ನಾವು ಕೆತ್ತಿರಲಿಲ್ಲ. ನಮ್ಮ ಫೋಟೋಗಳ ಹೆಸರು ಕ್ಯಾಮೆರಾ ಕೊಟ್ಟ ಬರೀ ನಂಬರು, ಪುಟದ ತಲೆಬರಹ "ಹೋಮ್". ಸರ್ಚ್ ಎಂಜಿನ್ ಮುಖ್ಯವಾಗಿ ನಂಬೋದು ಚಿತ್ರದ ಸುತ್ತ ಇರೋ ಬರಹವನ್ನ. ಬರಹ ಇಲ್ಲಂದ್ರ ಅದಕ್ಕ ಏನು ಗೊತ್ತಾಗ್ಬೇಕು?

ಭಾಗ 3
ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಲೇಖನಗಳನ್ನ ನಾವು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ವಿ. ಅದರಲ್ಲಿ ಕಣ್ಣಿಗೆ ಕಾಣೋದು ಕನ್ನಡ, ಆದರೆ ಕಂಪ್ಯೂಟರ್ ಒಳಗೆ ಉಳಿಯೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ಅಂಗಿ ತೊಡಿಸ್ತದ ಅಷ್ಟೇ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರ್ತದ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಆದರೂ ಬಹಳ ವರ್ಷ ಪತ್ರಿಕೆ, ಕಚೇರಿ, ಪುಸ್ತಕ ಎಲ್ಲಾ ಹಳೇ ಫಾಂಟುಗಳಲ್ಲೇ ನಡೆದವು. ಆ ಬರಹ ಇವತ್ತಿಗೂ ಎಷ್ಟೋ ಕಡೆ ಇದ್ದೂ ಇಲ್ಲದಂಗ ಅದ. ಈಗಿನ ನುಡಿಯಲ್ಲಿ ಯೂನಿಕೋಡ್ ಆಯ್ಕೆ ಅದ, ಅದನ್ನೇ ಬಳಸ್ರಿ.

ಭಾಗ 4
ಈಗ ಹೆಸರಿನ ಗೊಂದಲ. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಮಳಖೇಡವನ್ನೇ ತಗೋರಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 10ನೇ ಶತಮಾನದ ಅರಬ್ ಲೇಖಕ ಅಲ್ ಮಸೂದಿ ಇದನ್ನ "ಮಾಂಕೀರ್" ಅಂತ ಬರೆದ. ರೈಲ್ವೆಯವರಿಗೆ ಇದು "ಮಲ್ಖೈದ್ ರೋಡ್". ಊರು ಒಂದೇ, ಹೆಸರು ನಾಲ್ಕು. ಮಳಖೇಡ ಅಂತ ಹುಡುಕಿದ ಹುಡುಗನಿಗೆ ಮಾನ್ಯಖೇಟದ ಲೇಖನ ಸಿಗದೇ ಹೋಗಬಹುದು. ನಮ್ಮ ಜಿಲ್ಲೆಯೂ ಹಂಗೇ: 2014ರ ನವೆಂಬರ್ 1ಕ್ಕೆ ಗುಲ್ಬರ್ಗ ಕಲಬುರಗಿ ಆಯ್ತು, ಹಳೇ ಬರಹ ಎಲ್ಲಾ ಹಳೇ ಹೆಸರಿನಲ್ಲೇ ಉಳಿದವು.

ಇದರ ಉಲ್ಟಾನೂ ಅದ. ಶಹಾಬಾದ್ ಹರಿಯಾಣದಲ್ಲೂ ಒಂದು, ಉತ್ತರ ಪ್ರದೇಶದಲ್ಲೂ ಒಂದು. ಚಿಂಚೋಳಿ ಮಹಾರಾಷ್ಟ್ರದಲ್ಲೂ ಅವ. ವಾಡಿಯಂತೂ ಕೇಳಬ್ಯಾಡ್ರಿ: ಅರಬ್ಬಿಯಲ್ಲಿ ಆ ಪದಕ್ಕೆ ಕಣಿವೆ ಅಂತ ಅರ್ಥ, ಹಂಗಾಗಿ ನಮ್ಮ ಜಂಕ್ಷನ್ನಿಗೆ ಜೋರ್ಡಾನಿನ ಮರುಭೂಮಿಯ ಜೊತೆ ಪೈಪೋಟಿ! ಅದಕ್ಕೇ ಬರೀ ಊರ ಹೆಸರು ಸಾಲೋದಿಲ್ಲ. ತಾಲ್ಲೂಕು, ಜಿಲ್ಲೆ, ಹಳೇ ಹೆಸರು, ಹೊಸ ಹೆಸರು ಎಲ್ಲಾ ಒಂದು ಸಲ ಬರೀರಿ. ಒಂದೇ ಸಲ ಸಾಕು. ಐವತ್ತು ಸಲ ತುರುಕಿದ್ರ ಗೂಗಲ್ ಅದನ್ನ ಮೋಸ ಅಂತ ತಿಳಿದು ಕೆಳಗೆ ದಬ್ಬತದ.

ಭಾಗ 5
ಕೊನೇ ಮಾತು ಸಾಕ್ಷಿಯದು. 1998ರಲ್ಲಿ ಗೂಗಲ್ ಕಟ್ಟಿದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಅವರ ಮೂಲ ಉಪಾಯ ಸರಳ: ಬೇರೆಯವರು ನಿಮ್ಮ ಪುಟಕ್ಕೆ ಲಿಂಕ್ ಕೊಟ್ರ ಅದು ಒಂದು ಸಾಕ್ಷಿ, ದೊಡ್ಡವರು ಕೊಟ್ರ ದೊಡ್ಡ ಸಾಕ್ಷಿ. ಇತಿಹಾಸದ ಲೆಕ್ಕವೂ ಇದೇ ಅಲ್ಲೇನು? ರಾಷ್ಟ್ರಕೂಟರು ದೊಡ್ಡವರು ಅಂತ ಅವರ ಶಾಸನ ಹೇಳಿದ್ದು ಒಂದು ತೂಕ, ಅರಬ್ ಲೇಖಕರು ಹೇಳಿದ್ದು ಇನ್ನೊಂದು ತೂಕ. ಹಂಗಾಗಿ ನಿಮ್ಮ ಗೆಳೆಯ ನಾಗಾವಿ ಬಗ್ಗೆ ಚೆನ್ನಾಗಿ ಬರೆದಿದ್ರ ಬರೀ ಲೈಕ್ ಒತ್ತಿ ಬಿಡಬ್ಯಾಡ್ರಿ. ನಿಮ್ಮ ಬರಹದಾಗ ಅವನ ಲಿಂಕ್ ಹಾಕ್ರಿ.

ನಾವು ನಮ್ಮ ಲೇಖನಗಳನ್ನ ಯೂನಿಕೋಡ್‌ಗೆ ತಂದು, ಪ್ರತಿ ಫೋಟೋಗೂ ಹೆಸರು ಬರೀತಾ ಇದ್ದೀವಿ. ಇನ್ನೂ ಅರ್ಧ ಬಾಕಿ ಅದ. ಕೆಲವು ಕಲ್ಲುಗಳ ಹೆಸರು ನಮ್ಮಜ್ಜನಿಗೆ ಗೊತ್ತು, ನಮಗೆ ಗೊತ್ತಿಲ್ಲ. ಅವರಿರೋವಾಗಲೇ ಕೇಳಿ ಬರ್ಕೋಬೇಕು.

ನಿಮ್ಮ ಊರಿಗೆ ಎಷ್ಟು ಹೆಸರವ? ಕೆಳಗೆ ಬರೀರಿ, ಕನ್ನಡದಾಗೇ ಬರೀರಿ.

#ಮಳಖೇಡ #ಮಾನ್ಯಖೇಟ #ಸನ್ನತಿ #ಕನಗನಹಳ್ಳಿ #ಸೇಡಂ #ಚಿತ್ತಾಪುರ #ಕಲಬುರಗಿ