ಗೋರಿಕಲ್ಲು ಕಂಡ ಭಾಷೆ, ಬೆಂಗಳೂರು ಕಂಡ ಕೆಲಸ

1960ರಲ್ಲಿ ಅಮೆರಿಕದ ಕಂಪ್ಯೂಟರ್ ತಜ್ಞ ಹೊವಾರ್ಡ್ ಬ್ರೋಂಬರ್ಗ್ ಒಂದು ಗೋರಿಕಲ್ಲು ಕೊಂಡು ಅದರ ಮೇಲೆ ‘ಕೋಬಾಲ್’ ಎಂದು ಕೆತ್ತಿಸಿದರು. ಆ ಹೆಸರಿನ ಹೊಸ ಕಂಪ್ಯೂಟರ್ ಭಾಷೆಯೊಂದನ್ನು ರೂಪಿಸುತ್ತಿದ್ದ ಸಮಿತಿಯ ಎಳೆದಾಟ ನೋಡಿ ಅವರಿಗೆ ಸಾಕಾಗಿತ್ತು. ಕಲ್ಲನ್ನು ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ನಲ್ಲಿದ್ದ ಈ ಯತ್ನದ ಮುಂದಾಳು ಚಾರ್ಲ್ಸ್ ಫಿಲಿಪ್ಸ್ ಅವರ ವಿಳಾಸಕ್ಕೆ ಕಳಿಸಿಬಿಟ್ಟರು. ಅದು ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ವಸ್ತುಸಂಗ್ರಹಾಲಯದಲ್ಲಿದೆ. ಭಾಷೆ ಮಾತ್ರ ಮಣ್ಣಿಗೆ ಹೋಗಲಿಲ್ಲ.

ಆ ಕಾಲದಲ್ಲಿ ಒಂದು ಕಂಪನಿಯ ಯಂತ್ರಕ್ಕೆ ಬರೆದ ಸಂಬಳದ ಲೆಕ್ಕ ಇನ್ನೊಂದರ ಯಂತ್ರದಲ್ಲಿ ಓಡುತ್ತಿರಲಿಲ್ಲ. ಯಂತ್ರ ಬದಲಾದರೆ ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ಈ ತಲೆನೋವಿಗೆ ಮದ್ದು ಹುಡುಕಲು 1959ರ ಮೇನಲ್ಲಿ ಪೆಂಟಗನ್‌ನಲ್ಲಿ ಸಭೆ ಸೇರಿತು. ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಅವರ ‘ಫ್ಲೋ-ಮ್ಯಾಟಿಕ್’ ಭಾಷೆ ಕೋಬಾಲ್‌ಗೆ ಅಡಿಪಾಯವಾಯಿತು. ‘ಆಡ್ ಎ ಟು ಬಿ ಗಿವಿಂಗ್ ಸಿ’ ಎಂದು ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ ಬರೆಯಬಹುದಿತ್ತು. ಮ್ಯಾನೇಜರುಗಳೂ ಓದಲಿ ಎಂಬುದು ಆಸೆ. ಓದಿದ ಮ್ಯಾನೇಜರುಗಳು ಎಷ್ಟಿದ್ದರೋ, ಬ್ಯಾಂಕು, ವಿಮೆ, ಸರ್ಕಾರದ ಲೆಕ್ಕಪತ್ರಗಳಂತೂ ಕೋಬಾಲ್‌ನ ಪಾಲಾದವು.

ಆಗ ಮೆಮೊರಿ ತುಟ್ಟಿ, ಒಂದು ಪಂಚ್ ಕಾರ್ಡಿನಲ್ಲಿ ಹಿಡಿಯುತ್ತಿದ್ದದ್ದು 80 ಅಕ್ಷರ. ನಮ್ಮ ಹಿರಿಯರು ಸಾಲದ ಚೀಟಿಯಲ್ಲಿ ‘ತಾ. 2-4-72’ ಎಂದು ಬರೆದ ಹಾಗೆ ಪ್ರೋಗ್ರಾಮರುಗಳೂ ಇಸವಿಯ ಕೊನೆಯ ಎರಡು ಅಂಕಿ ಮಾತ್ರ ಇಟ್ಟುಕೊಂಡರು. ಚೀಟಿ ಓದುವ ಮನುಷ್ಯನಿಗೆ ಶತಮಾನ ಯಾವುದೆಂದು ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. 1935ರಲ್ಲಿ ಹುಟ್ಟಿದವರ ವಯಸ್ಸನ್ನು ‘00’ನೇ ಇಸವಿಯಲ್ಲಿ ಲೆಕ್ಕ ಹಾಕಿದರೆ 00ರಿಂದ 35 ಕಳೆದು, ಮೈನಸ್ 35! ವೈ2ಕೆ, ಅಂದರೆ 2000ನೇ ಇಸವಿಯ ತೊಂದರೆ, ಎಂದು ಜಗತ್ತು ಬೆಚ್ಚಿಬಿದ್ದದ್ದು ಇಷ್ಟಕ್ಕೇ.

ಈ ಎರಡು ಅಂಕಿಯ ಉಳಿತಾಯ ಬೆಂಗಳೂರಿಗೆ ಬಾಗಿಲು ತೆರೆಯಿತು. ಅಮೆರಿಕದ ಹಳೆಯ ಕೋಬಾಲ್ ಲೆಕ್ಕಗಳ ರಿಪೇರಿ ಕೆಲಸ ಇಲ್ಲಿಗೆ ಬಂತು.

ವಿಚಿತ್ರವೆಂದರೆ ಇಲ್ಲಿನ ಅನೇಕರಿಗೆ ಕೋಬಾಲ್ ಹೊಸತಾಗಿತ್ತು. 1978ರಲ್ಲಿ ಐಬಿಎಂ ಭಾರತದಿಂದ ಹೊರನಡೆದ ಮೇಲೆ ದೇಶೀ ಕಂಪನಿಗಳು ಮಿನಿ ಕಂಪ್ಯೂಟರುಗಳತ್ತ ವಾಲಿದ್ದವು. ಹಾಗಾಗಿ ಯೂನಿಕ್ಸ್ ಕಾರ್ಯಾಚರಣಾ ವ್ಯವಸ್ಥೆ, ಅದರ ಜೊತೆಗೆ ಸಿ ಭಾಷೆ ನಮ್ಮ ಎಂಜಿನಿಯರುಗಳಿಗೆ ಹತ್ತಿರವಾದವು. ಕೋಬಾಲ್ ಓಡುತ್ತಿದ್ದ ದೊಡ್ಡ ಮೇನ್‌ಫ್ರೇಮ್ ಯಂತ್ರವನ್ನು ಕಣ್ಣಾರೆ ಕಂಡವರೇ ಕಡಿಮೆ. 1972ರಲ್ಲಿ ಹುಟ್ಟಿದ ಸಿ ಕಲಿತವರು ಈಗ 1959ರ ಭಾಷೆಗೆ ಹಿಂದಿರುಗಬೇಕಾಯಿತು, ಉತ್ತರ ಕರ್ನಾಟಕದ ಮೊಮ್ಮಗನೊಬ್ಬ ಹೊಲದ ಹಳೇ ಕಾಗದ ಬಿಡಿಸಲು ಮೋಡಿ ಲಿಪಿ ಕಲಿತಂತೆ.

ಕಂಪನಿಗಳೂ ಕೋಬಾಲ್ ಬಲ್ಲವರನ್ನೇ ಹುಡುಕುತ್ತ ಕೂರಲಿಲ್ಲ. ಸಿವಿಲ್ ಓದಿದವರು, ಮೆಕ್ಯಾನಿಕಲ್ ಓದಿದವರು, ಎಲ್ಲರಿಗೂ ಜಾಗವಿತ್ತು. 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದ ಇನ್ಫೋಸಿಸ್ ತನ್ನ ಪ್ರವೇಶ ಪರೀಕ್ಷೆಯಲ್ಲಿ ಒಗಟುಗಳನ್ನು ಬಿಡಿಸಲು ಕೊಡುತ್ತಿತ್ತು. ತಲೆ ಓಡಿದರೆ ಸಾಕು, ಭಾಷೆಯನ್ನು ಕೆಲವು ತಿಂಗಳ ತರಬೇತಿಯಲ್ಲಿ ಕಲಿಸಬಹುದು ಎಂಬ ಲೆಕ್ಕಾಚಾರ. ಇಂದಿನ ಉದ್ಯೋಗ ಜಾಹೀರಾತುಗಳು ಹತ್ತು ಭಾಷೆಗಳ ಹೆಸರು ಪೋಣಿಸಿ ಐದು ವರ್ಷದ ಅನುಭವ ಕೇಳುವುದನ್ನು ನೋಡಿದರೆ, ಆ ಲೆಕ್ಕವೇ ಹೆಚ್ಚು ವಿವೇಕದ್ದೆನಿಸುತ್ತದೆ.

ಕೆಲಸದಲ್ಲಿ ಮಾತ್ರ ರೋಮಾಂಚನವೇನೂ ಇರಲಿಲ್ಲ. ಯಾರೋ ಬರೆದಿಟ್ಟು ಹೋದ ಲಕ್ಷಾಂತರ ಸಾಲುಗಳಲ್ಲಿ ತಾರೀಕು ಅಡಗಿದ ಜಾಗ ಹುಡುಕಬೇಕು. ಅದನ್ನು ನಾಲ್ಕು ಅಂಕಿಗೆ ಹಿಗ್ಗಿಸಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ ಒಂದು ಗಡಿ ಹಾಕಿ, ಅದಕ್ಕಿಂತ ಕಡಿಮೆ ಅಂಕಿಯನ್ನು 2000ದ ನಂತರದ್ದೆಂದೂ ಹೆಚ್ಚಿನದನ್ನು ಹಿಂದಿನ ಶತಮಾನದ್ದೆಂದೂ ಯಂತ್ರಕ್ಕೆ ಹೇಳಿಕೊಡಬೇಕು. ಅಮೆರಿಕ ಮಲಗಿದಾಗ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಎದ್ದಿರುತ್ತಿತ್ತು, ಉಪಗ್ರಹ ಸಂಪರ್ಕ ನಡುವಿನ ದೂರ ನೋಡಿಕೊಳ್ಳುತ್ತಿತ್ತು. ಅಲ್ಲಿಗೇ ಹೋಗಿ ದುಡಿಯುವವರಿಗಾಗಿ ಎಚ್-1ಬಿ ವೀಸಾದ ವಾರ್ಷಿಕ ಮಿತಿಯೂ 1999ಕ್ಕೆ 65,000ದಿಂದ 1,15,000ಕ್ಕೆ ಏರಿತು. ಅದೇ ವರ್ಷ ಮಾರ್ಚಿನಲ್ಲಿ ಇನ್ಫೋಸಿಸ್ ಅಮೆರಿಕದ ನ್ಯಾಸ್‌ಡ್ಯಾಕ್ ಷೇರುಪೇಟೆಯ ಮೆಟ್ಟಿಲೇರಿತು.

2000ದ ಜನವರಿ 1 ಬಂತು, ದೊಡ್ಡ ಅನಾಹುತವಿಲ್ಲದೆ ಹೋಯಿತು. ರಿಪೇರಿಯ ಕೆಲಸವೂ ಅದರ ಜೊತೆಗೇ ಇಳಿಯಿತು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರತಂದಿದ್ದ ಜಾವಾ ಅಷ್ಟರಲ್ಲಿ ಹೊಸ ಅಳಿಯನಾಗಿ ಬಂದು ಕೂತಿತ್ತು. ಮುಂದೆ ಪೈಥಾನ್ ಸರದಿ. ಅದು ಹೊರಬಂದದ್ದು 1991ರಲ್ಲಿ, ಜಾವಾಕ್ಕಿಂತಲೂ ಮೊದಲು. ದತ್ತಾಂಶ ವಿಶ್ಲೇಷಣೆ, ಯಂತ್ರಕಲಿಕೆಗಳು ಮುನ್ನೆಲೆಗೆ ಬಂದ ಮೇಲೆ ಅದಕ್ಕೆ ಬೆಲೆ ಏರಿತು.

2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಭತ್ಯೆ ವ್ಯವಸ್ಥೆಯ ಮೇಲೆ ಒಮ್ಮೆಲೇ ಮುಗಿಬಿದ್ದವು. ಆ ವ್ಯವಸ್ಥೆ ನಲವತ್ತು ವರ್ಷಕ್ಕೂ ಹಳೆಯದು, ಕೋಬಾಲ್‌ನದ್ದು. ಗವರ್ನರ್ ಫಿಲ್ ಮರ್ಫಿ ಬಹಿರಂಗವಾಗಿ ಕೋಬಾಲ್ ಬಲ್ಲವರ ನೆರವು ಕೋರಿದರು. 1999ರಲ್ಲಿ ವೀಸಾ, ವಿಮಾನದ ಟಿಕೆಟ್ ತಂದುಕೊಟ್ಟ ವಿದ್ಯೆಗೆ ಈ ಸಲ ಕರೆ ಬಂದದ್ದು ಸ್ವಯಂಸೇವಕರ ಪಟ್ಟಿಗೆ.