ಕ್ರಾಫ್ಟ್‌ವೆರ್ಕ್ : ವಿದ್ಯುತ್ ಸಂಗೀತದ ಒಂದು ಮೇಳದ ಕಥೆ

2025ರ ಜನವರಿ 21, ಮಂಗಳವಾರ. ಬೇಲಾಪುರದ ಕಚೇರಿ ಮುಗಿಸಿ ಠಾಣೆಯ ಗಾಡಿ ಹಿಡಿದ ನಮಗೆ ನೆರೂಳ್ ನಿಲ್ದಾಣದಲ್ಲಿ ಕಂಡ ಜನಜಂಗುಳಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಲ್ಲಿನ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ಎಂಬ ಇಂಗ್ಲೆಂಡಿನ ವಾದ್ಯವೃಂದದ ಮೂರನೆಯ ಕಾರ್ಯಕ್ರಮ ಅಂದು. ಅದೇ ತಿಂಗಳ 18 ಮತ್ತು 19ರಂದು ಮೊದಲೆರಡು ನಡೆದಿದ್ದವು. ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯ ಮನೆ ಸೇರಿದರೆ, ಕಾಲೇಜಿಗೆ ಹೋಗುವ ಮಗಳು ಅವರದೇ ಹಾಡೊಂದನ್ನು ಹಚ್ಚಿ ಕುಳಿತಿದ್ದಳು. 2005ರಲ್ಲಿ ಬಂದ 'ಟಾಕ್' ಎಂಬ ಹಾಡು.

"ಅಪ್ಪಾ, ಈ ಧಾಟಿ ಇವರದ್ದಲ್ಲ. ನೀನು ಹುಟ್ಟಿದ ಹೊತ್ತಿನದ್ದು. ಜರ್ಮನಿಯ ಒಂದು ಗುಂಪಿನವರನ್ನು ಕೇಳಿ ತೆಗೆದುಕೊಂಡದ್ದು" ಎಂದಳು.

ಆ ಗುಂಪಿನ ಹೆಸರು ಕ್ರಾಫ್ಟ್‌ವೆರ್ಕ್. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ವಿದ್ಯುದಾಗಾರ. 1981ರಲ್ಲಿ ಅವರು ಹೊರತಂದ 'ಕಂಪ್ಯೂಟರ್ ಲವ್' ಎಂಬ ಗೀತೆಯ ಧಾಟಿಯದು. ನಮಗೆ ಕುತೂಹಲ ಹುಟ್ಟಿತು. ಓದಿದಷ್ಟೂ ಕಥೆ ಬೆಳೆಯಿತು. ಅದನ್ನು ಈ ಪತ್ರಿಕೆಯ ಓದುಗರ ಮುಂದಿಡಲು ಇನ್ನೊಂದು ಕಾರಣವೂ ಇದೆ. ಅದನ್ನು ಕಡೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲಿಗೆ ಈ ವಿದ್ಯುತ್ ಸಂಗೀತ ಎಂದರೇನೆಂದು ನೋಡೋಣ. ವೀಣೆಯಲ್ಲಿ ತಂತಿ ಕಂಪಿಸುತ್ತದೆ, ಕೊಳಲಿನಲ್ಲಿ ಗಾಳಿ ಕಂಪಿಸುತ್ತದೆ, ಮೃದಂಗದಲ್ಲಿ ಚರ್ಮ. ಇಲ್ಲಿ ಕಂಪಿಸುವುದು ವಿದ್ಯುತ್ತು. ಒಂದು ಮಂಡಲದಲ್ಲಿ ವಿದ್ಯುತ್ತು ಸೆಕೆಂಡಿಗೆ 440 ಬಾರಿ ಏರಿಳಿದರೆ ಧ್ವನಿವರ್ಧಕದ ಪರದೆ ಅಷ್ಟೇ ಬಾರಿ ಅಲುಗಿ, ನಮ್ಮ ಕಿವಿಗೆ ಒಂದು ಸ್ವರವಾಗಿ ಕೇಳುತ್ತದೆ. ಆ ಸ್ವರದ ಜೊತೆಗಿರುವ ಮೇಲಿನ ಕಂಪನಗಳನ್ನು ಸೋಸಿ ತೆಗೆದರೆ ನಾದದ ಬಣ್ಣ ಬದಲಾಗುತ್ತದೆ. ಸಿಂಥಸೈಜರ್ ಎಂಬ ವಾದ್ಯದ ತಳಹದಿ ಇಷ್ಟೇ. ವೋಕೋಡರ್ ಎಂಬ ಮತ್ತೊಂದು ಯಂತ್ರ ಮನುಷ್ಯನ ಮಾತನ್ನು ಹಲವು ಪಟ್ಟಿಗಳಾಗಿ ಸೀಳಿ, ಅದರ ಏರಿಳಿತವನ್ನು ವಾದ್ಯದ ನಾದಕ್ಕೆ ಹೊದಿಸುತ್ತದೆ. ಆಗ ಯಂತ್ರವೇ ಮಾತನಾಡಿದಂತೆ ಕೇಳುತ್ತದೆ.

ಇದೆಲ್ಲ ಪರದೇಶದ ಮಾತೆಂದು ತಿಳಿಯಬೇಕಾಗಿಲ್ಲ. 1954ರ 'ನಾಗಿನ್' ಚಿತ್ರದಲ್ಲಿ ಊರೂರಿನ ಜನರನ್ನು ತಲೆದೂಗಿಸಿದ ಪುಂಗಿಯ ನಾದ ಪುಂಗಿಯದಾಗಿರಲಿಲ್ಲ. ಅದು ಕ್ಲಾವಿಯೊಲಿನ್ ಎಂಬ ವಿದ್ಯುತ್ ವಾದ್ಯ ಮತ್ತು ಹಾರ್ಮೋನಿಯಂ ಸೇರಿ ಹೊರಡಿಸಿದ್ದು. ಕ್ಲಾವಿಯೊಲಿನ್ ನುಡಿಸಿದವರು ಮುಂದೆ ಸಂಗೀತ ನಿರ್ದೇಶಕರಾಗಿ ಹೆಸರಾದ ಕಲ್ಯಾಣಜಿ. ಇದೇ ಮುಂಬಯಿಯ ಚರಣಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ ನುಡಿಸಿ ತಟ್ಟೆ ಹೊರಡಿಸಿದರು. ಆಗ ಕೇಳಿದವರು ಕೆಲವೇ ಮಂದಿ. 2010ರಲ್ಲಿ ಅದು ಮರುಮುದ್ರಣವಾದ ಮೇಲೆ ಯುರೋಪಿನವರು ಬೆರಗಾಗಿ ಕೇಳಿದರು.

ಇನ್ನು ಕಥೆಗೆ ಬರೋಣ. ಜರ್ಮನಿಯ ಡ್ಯೂಸೆಲ್‌ಡಾರ್ಫ್ ನಗರದಲ್ಲಿ ಸಂಗೀತ ಕಲಿಯುತ್ತಿದ್ದ ಇಬ್ಬರು ತರುಣರು ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯಾನ್ ಷ್ನೈಡರ್. ಒಬ್ಬರು ಕೀಲಿಮಣೆಯ ವಾದಕರು, ಇನ್ನೊಬ್ಬರು ಕೊಳಲಿನವರು. 1970ರಲ್ಲಿ ಇವರು ಕ್ರಾಫ್ಟ್‌ವೆರ್ಕ್ ಕಟ್ಟಿದರು. ಯುದ್ಧದಲ್ಲಿ ಸೋತ ನಾಡಿನಲ್ಲಿ ಹುಟ್ಟಿದ ಆ ಪೀಳಿಗೆಗೆ ಅಜ್ಜಂದಿರ ಹಾಡು ಹಾಡಲು ಸಂಕೋಚ, ಅಮೆರಿಕದವರ ಹಾಡನ್ನು ಅನುಕರಿಸಲು ಮನಸ್ಸಿಲ್ಲ. ತಮ್ಮ ಊರಿನ ಕಾರ್ಖಾನೆ, ರಸ್ತೆ, ರೈಲುಗಳ ಸದ್ದಿನಿಂದಲೇ ಸಂಗೀತ ಮಾಡುತ್ತೇವೆಂದು ಹೊರಟರು.

ಮೊದಲ ವರ್ಷಗಳಲ್ಲಿ ಮೇಳದಲ್ಲಿ ಯಾರೂ ನೆಲೆ ನಿಲ್ಲಲಿಲ್ಲ. ತಾಳವಾದ್ಯಕ್ಕೆ ಬಂದವರಲ್ಲಿ ಕ್ಲೌಸ್ ಡಿಂಗರ್ ಒಬ್ಬರು. 1971ರಲ್ಲಿ ಸ್ವತಃ ಹ್ಯೂಟರ್ ಅವರೇ ಕೆಲವು ತಿಂಗಳು ಹೊರಗಿದ್ದರು. ಆಗ ಷ್ನೈಡರ್, ಡಿಂಗರ್ ಮತ್ತು ಗಿಟಾರಿನ ಮಿಖಾಯೆಲ್ ರೋಟರ್ ಸೇರಿ ಮೇಳ ನಡೆಸಿದರು. ಹ್ಯೂಟರ್ ಮರಳಿದರು. ಡಿಂಗರ್, ರೋಟರ್ ಹೊರನಡೆದು 'ನಾಯ್' ಎಂಬ ಬೇರೆ ಮೇಳ ಕಟ್ಟಿದರು. ಎರಡನೆಯ ಮತ್ತು ಮೂರನೆಯ ತಟ್ಟೆಗಳನ್ನು ಉಳಿದ ಇಬ್ಬರೇ ಮಾಡಿ ಮುಗಿಸಿದರು.

1973ರಲ್ಲಿ ವೋಲ್ಫ್‌ಗಾಂಗ್ ಫ್ಲೂರ್ ಬಂದರು. ಲೋಹದ ಕಡ್ಡಿಯನ್ನು ಲೋಹದ ಫಲಕಕ್ಕೆ ತಾಗಿಸಿದೊಡನೆ ಮಂಡಲ ಪೂರ್ಣವಾಗಿ ಪೆಟ್ಟಿನ ಸದ್ದು ಹೊರಡುವ ತಾಳವಾದ್ಯವನ್ನು ಅವರು ನುಡಿಸಿದರು. 1974ರಲ್ಲಿ 'ಆಟೋಬಾನ್' ಹೊರಬಂತು. ಹೆದ್ದಾರಿಯ ಮೇಲಿನ ಪ್ರಯಾಣವನ್ನು ಚಿತ್ರಿಸುವ 22 ನಿಮಿಷಗಳ ಕೃತಿಯದು. ಕತ್ತರಿಸಿ ಕಿರಿದು ಮಾಡಿದ ರೂಪ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 25ನೆಯ ಸ್ಥಾನಕ್ಕೇರಿತು. 1975ರ ಅಮೆರಿಕ ಪ್ರವಾಸದ ಹೊತ್ತಿಗೆ ಕಾರ್ಲ್ ಬಾರ್ಟೋಸ್ ಸೇರಿದರು. ಹ್ಯೂಟರ್, ಷ್ನೈಡರ್, ಫ್ಲೂರ್, ಬಾರ್ಟೋಸ್. ಈ ನಾಲ್ವರು ಹನ್ನೆರಡು ವರ್ಷ ಒಟ್ಟಿಗಿದ್ದರು. ಮೇಳದ ಕೀರ್ತಿಗೆ ಕಾರಣವಾದ 1977ರ 'ಟ್ರಾನ್ಸ್ ಯುರೋಪ್ ಎಕ್ಸ್‌ಪ್ರೆಸ್', 1978ರ 'ಮ್ಯಾನ್ ಮೆಷಿನ್', 1981ರ 'ಕಂಪ್ಯೂಟರ್ ವರ್ಲ್ಡ್' ಇವರ ಕಾಲದವು.

ಕೀರ್ತಿಯ ಬೆನ್ನಿಗೇ ವಿವಾದಗಳೂ ಬಂದವು. ಕೆಂಪು ಅಂಗಿ, ಕಪ್ಪು ಟೈ ತೊಟ್ಟು, ಮುಗುಳ್ನಗೆಯೂ ಇಲ್ಲದೆ ಸಾಲಾಗಿ ನಿಂತ ಜರ್ಮನರನ್ನು ಕಂಡು ನಾಜಿಗಳ ನೆರಳು ಕಂಡೆವೆಂದವರಿದ್ದರು. ನಿಜದಲ್ಲಿ ಆ ಹೊದಿಕೆಯ ಚಿತ್ರಕ್ಕೆ ಪ್ರೇರಣೆ ರಷ್ಯದ ಕಲಾವಿದ ಎಲ್ ಲಿಸಿಟ್ಸ್‌ಕಿಯ ಕೃತಿಗಳು. ವೇದಿಕೆಯಲ್ಲಿ ತಮ್ಮ ಬದಲಿಗೆ ತಮ್ಮದೇ ರೂಪದ ಬೊಂಬೆಗಳನ್ನು ನಿಲ್ಲಿಸಿದಾಗ, ಇದು ಸಂಗೀತವೇ ಎಂದು ಕೇಳಿದವರಿದ್ದರು. ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ತಕ್ಕುದಲ್ಲವೆಂದು 1940ರಿಂದ ಮೂರು ದಶಕ ಆಕಾಶವಾಣಿಯಿಂದ ದೂರವಿಟ್ಟ ನಾಡಿನವರಾದ ನಮಗೆ ಈ ಪ್ರಶ್ನೆ ಅಪರಿಚಿತವಲ್ಲ.

ಇದಕ್ಕಿಂತ ಗಹನವಾದ ವಿವಾದ 1975ರ 'ರೇಡಿಯೋ ಆಕ್ಟಿವಿಟಿ' ಗೀತೆಯದು. ರೇಡಿಯೋ ಪ್ರಸಾರ ಮತ್ತು ಅಣುವಿಕಿರಣ ಎಂಬ ಎರಡರ್ಥದ ಆಟವಾಡಿದ ಆ ಗೀತೆ ಅಣುಶಕ್ತಿಯನ್ನು ಹೊಗಳುತ್ತದೆಯೋ, ಎಚ್ಚರಿಸುತ್ತದೆಯೋ ಸ್ಪಷ್ಟವಿರಲಿಲ್ಲ. 1986ರ ಚೆರ್ನೋಬಿಲ್ ದುರಂತದ ಮೇಲೆ ಮೌನ ಸಾಧ್ಯವಾಗಲಿಲ್ಲ. 1991ರಲ್ಲಿ ಅದನ್ನು ಹೊಸದಾಗಿ ಧ್ವನಿಮುದ್ರಿಸಿದಾಗ ಚೆರ್ನೋಬಿಲ್, ಹಿರೋಶಿಮಾಗಳ ಹೆಸರು ಸೇರಿಸಿ, ಇದನ್ನು ನಿಲ್ಲಿಸಿರೆಂಬ ಕರೆಯನ್ನೂ ಸೇರಿಸಿದರು. 2012ರಲ್ಲಿ ಜಪಾನಿನ ವೇದಿಕೆಯಲ್ಲಿ ಫುಕುಶಿಮಾದ ಹೆಸರೂ ಬಂತು. ಇದನ್ನು ಓದುವಾಗ ಉತ್ತರ ಕನ್ನಡದವರಾದ ನಮಗೆ ಕೈಗಾ ನೆನಪಾಗದಿರುವುದು ಹೇಗೆ? ಅಲ್ಲಿನ ಅಣುಸ್ಥಾವರವನ್ನು ವಿರೋಧಿಸಿ ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರಲ್ಲಿ, ಲೋಕಸಭೆಗೇ ಸ್ಪರ್ಧಿಸಿ ಸೋತರು. ಇತ್ತ ವಾಶಿಯ ಖಾಡಿಯಾಚೆ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರವನ್ನು ಮುನ್ನಡೆಸಿದವರೂ ಕನ್ನಡಿಗರೇ. ತುಮಕೂರು ಸೀಮೆಯ ಡಾ. ರಾಜಾ ರಾಮಣ್ಣನವರು ನುರಿತ ಪಿಯಾನೋ ವಾದಕರೂ ಆಗಿದ್ದರು. ಕಲೆ ಮತ್ತು ಅಣು ಎಂಬ ಎರಡೂ ಮಾತು ನಮ್ಮ ಮನೆಯೊಳಗಿನವೇ.

1982ರ ಫೆಬ್ರವರಿಯಲ್ಲಿ 'ದಿ ಮಾಡೆಲ್' ಎಂಬ ಗೀತೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಅಲ್ಲಿಂದ ಇಳಿಮುಖ. ಹ್ಯೂಟರ್ ಸೈಕಲ್ ಸವಾರಿಯ ಹುಚ್ಚಿಗೆ ಬಿದ್ದರು. ಒಂದು ತಟ್ಟೆಗೆ ಐದು ವರ್ಷ ಹಿಡಿಯತೊಡಗಿತು. 1987ರಲ್ಲಿ ಫ್ಲೂರ್ ಬಿಟ್ಟರು. 1990ರಲ್ಲಿ ಬಾರ್ಟೋಸ್ ಬಿಟ್ಟರು. ಅವರ ಜಾಗಗಳಿಗೆ ಫ್ರಿಟ್ಸ್ ಹಿಲ್ಪರ್ಟ್, ಹೆನ್ನಿಂಗ್ ಶ್ಮಿಟ್ಸ್ ಬಂದರು. 2008ರಲ್ಲಿ ಸ್ಥಾಪಕರಲ್ಲೊಬ್ಬರಾದ ಷ್ನೈಡರ್ ಅವರೇ ಹೊರನಡೆದರು. 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. 2013ರಲ್ಲಿ ಫಾಲ್ಕ್ ಗ್ರೀಫೆನ್‌ಹಾಗೆನ್, 2023ರಲ್ಲಿ ಗೇಯೋರ್ಗ್ ಬೊಂಗಾರ್ಟ್ಸ್ ಸೇರಿದರು. 1970ರವರಲ್ಲಿ ವೇದಿಕೆಯ ಮೇಲೆ ಉಳಿದವರು ಹ್ಯೂಟರ್ ಒಬ್ಬರೇ.

ಆದರೂ ಬೋರ್ಡು ಅದೇ, ಹಾಡುಗಳು ಅವೇ, ಸಾಲಾಗಿ ನಿಂತ ನಾಲ್ವರು ಹಾಗೆಯೇ. ಯಂತ್ರಮಾನವರೆಂದು ಕರೆದುಕೊಂಡವರಿಗೆ ಬಿಡಿಭಾಗ ಬದಲಿಸಿದರೆ ಸಾಕಾಯಿತೆ? ಹೊರನಡೆದವರಿಗೆ ಹಾಗೆನಿಸಲಿಲ್ಲ. ಫ್ಲೂರ್ 1999ರಲ್ಲಿ 'ನಾನೊಬ್ಬ ರೋಬೋಟ್ ಆಗಿದ್ದೆ' ಎಂಬರ್ಥದ ಹೆಸರಿಟ್ಟು ಆತ್ಮಕಥೆ ಬರೆದರು. ಅದು ಹಳೆಯ ಸಂಗಾತಿಗಳ ಕಾನೂನು ಕ್ರಮಕ್ಕೆ ಗುರಿಯಾಯಿತು. ಬಾರ್ಟೋಸ್ 2017ರಲ್ಲಿ ತಮ್ಮ ಕಥೆ ಬರೆದರು. ಯಾವ ಹಾಡಿನಲ್ಲಿ ಯಾರ ಪಾಲು ಎಷ್ಟು ಎಂಬ ಲೆಕ್ಕ ಇಂದಿಗೂ ಮುಗಿದಿಲ್ಲ.

ಇದೇ ಹೊತ್ತಿನಲ್ಲಿ ಇನ್ನೊಂದು ಲೆಕ್ಕ ಕೋರ್ಟು ಹತ್ತಿತು. 1977ರ 'ಮೆಟಲ್ ಆನ್ ಮೆಟಲ್' ಕೃತಿಯಿಂದ ಕೇವಲ ಎರಡು ಸೆಕೆಂಡುಗಳ ತಾಳದ ತುಣುಕನ್ನು 1997ರಲ್ಲಿ ಮೋಸೆಸ್ ಪೆಲ್ಹಾಮ್ ಎಂಬ ನಿರ್ಮಾಪಕರು ಕತ್ತರಿಸಿ, ಸಬ್ರಿನಾ ಸೆಟ್ಲೂರ್ ಹಾಡಿದ ಗೀತೆಯೊಂದರ ಅಡಿಗೆ ಮತ್ತೆ ಮತ್ತೆ ಬರುವಂತೆ ಜೋಡಿಸಿದರು. ಕ್ರಾಫ್ಟ್‌ವೆರ್ಕ್ ದಾವೆ ಹೂಡಿತು. 2004ರಲ್ಲಿ ಹ್ಯಾಂಬರ್ಗಿನ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. ಜರ್ಮನಿಯ ಉಚ್ಚ ನ್ಯಾಯಪೀಠದ ಮುಂದೆ 2008ರಲ್ಲೊಮ್ಮೆ, 2012ರಲ್ಲೊಮ್ಮೆ ಪ್ರಕರಣ ಬಂತು. 2016ರಲ್ಲಿ ಸಂವಿಧಾನ ನ್ಯಾಯಾಲಯ ಕಲೆಯ ಸ್ವಾತಂತ್ರ್ಯವನ್ನೂ ತೂಗಬೇಕೆಂದು ಹಿಂದಿನ ತೀರ್ಪುಗಳನ್ನು ತಳ್ಳಿಹಾಕಿತು. 2019ರಲ್ಲಿ ಐರೋಪ್ಯ ನ್ಯಾಯಾಲಯ, ಕಿವಿಗೆ ಗುರುತು ಸಿಗದಂತೆ ಮಾರ್ಪಡಿಸಿದರೆ ಅನುಮತಿ ಬೇಡ, ಗುರುತು ಸಿಕ್ಕರೆ ಬೇಕು ಎಂದಿತು. 2020ರಲ್ಲಿ ಕಡತ ಹ್ಯಾಂಬರ್ಗಿಗೆ ಮರಳಿತು. 2023ರಲ್ಲಿ ಹೊಸ ಪ್ರಶ್ನೆಯೊಂದಿಗೆ ಮತ್ತೆ ಐರೋಪ್ಯ ನ್ಯಾಯಾಲಯಕ್ಕೆ ಹೋಯಿತು. ಕಡತ ಮೇಜಿನಿಂದ ಮೇಜಿಗೆ ತಿರುಗುವುದನ್ನು ಕಂಡೇ ಕೂದಲು ನರೆತ ನಮಗೂ ಇದು ದೊಡ್ಡ ಸುತ್ತೆನಿಸಿತು.

ಎರಡು ಸೆಕೆಂಡಿನ ನಾದಕ್ಕೆ ಇಷ್ಟು ಹೋರಾಟವೇಕೆಂದು ನಗಬಹುದು. ಹೋರಾಟದಲ್ಲಿ ನ್ಯಾಯವಿಲ್ಲವೆಂದಲ್ಲ. ನಾದ ಹುಟ್ಟಿಸಿದವನನ್ನು ಒಂದು ಮಾತು ಕೇಳಬೇಕು. ಕೋಲ್ಡ್‌ಪ್ಲೇಯವರು ಕೇಳಿದರು, ಅನುಮತಿ ಸಿಕ್ಕಿತು, ಹಾಡಿನ ಕರ್ತೃಗಳ ಪಟ್ಟಿಯಲ್ಲಿ ಅವರ ಹೆಸರೂ ಬಂತು. ನಮಗೆ ತೋರುವುದಿಷ್ಟೆ. ಹೊರಗಿನವರಿಂದ ಎರಡು ಸೆಕೆಂಡಿನ ಲೆಕ್ಕ ಕೇಳುವ ಮೇಳ, ತನ್ನೊಳಗೆ ಹನ್ನೆರಡು ವರ್ಷ ದುಡಿದವರ ಲೆಕ್ಕವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಇಡಬೇಕು.

ನಮ್ಮ ಹೊನ್ನಾವರ ಸೀಮೆಯ ಇಡಗುಂಜಿ ಮೇಳವನ್ನೇ ನೋಡಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ್ದು. ಅವರ ಮಗ ಶಂಭು ಹೆಗಡೆಯವರು ಬೆಳೆಸಿದರು, ಮೊಮ್ಮಗ ಶಿವಾನಂದ ಹೆಗಡೆಯವರ ಕೈಗೆ ಬಂತು. ಭಾಗವತರು ಬದಲಾದರು, ವೇಷಧಾರಿಗಳು ಬದಲಾದರು. ಆದರೆ ನಮ್ಮ ಹಿರಿಯರು ಆಟದ ಮಾತು ತೆಗೆದರೆ ಮೇಳದ ಹೆಸರಿನ ಜೊತೆಗೇ ಅಂದು ಮದ್ದಳೆಗೆ ಕುಳಿತವರು ಯಾರು, ಚಂಡೆಗೆ ಯಾರು ಎಂದು ಹೆಸರು ಹಿಡಿದು ಹೇಳುತ್ತಿದ್ದರು. ಜನ ಬದಲಾದರೂ ಮೇಳ ಉಳಿಯುವುದು ಹೀಗೆ.

ಈಗ ಆ ಇನ್ನೊಂದು ಕಾರಣ. ನಾವು ಸೇರಿರುವ ಕನ್ನಡ ಬಳಗವೊಂದರ ರಾಜ್ಯೋತ್ಸವಕ್ಕೆ ಹದಿನೆಂಟು ವರ್ಷ ಹಾರ್ಮೋನಿಯಂ ನುಡಿಸಿದ ಮಾಸ್ತರರೊಬ್ಬರಿದ್ದಾರೆ. ಕಲ್ಯಾಣದಿಂದ ಪೆಟ್ಟಿಗೆ ಹೊತ್ತು ಲೋಕಲ್ ಗಾಡಿಯಲ್ಲಿ ಬರುತ್ತಿದ್ದರು. ಕೆಲವು ವರ್ಷಗಳ ಹಿಂದೆ ಕಾರ್ಯಕಾರಿ ಸಮಿತಿಯಲ್ಲಿ, ಇನ್ನು ಮೇಲೆ ಕರಾವೋಕೆ ಟ್ರ್ಯಾಕ್ ಹಾಕಿ ಮಕ್ಕಳನ್ನು ಹಾಡಿಸೋಣ, ಖರ್ಚೂ ಕಡಿಮೆ ಎಂಬ ಸೂಚನೆ ಬಂತು. ಅನುಮೋದಿಸಿದವರು ನಾವೇ. ಮಾಸ್ತರರಿಗೆ ಯಾರೂ ತಿಳಿಸಲಿಲ್ಲ. ಆ ವರ್ಷದ ವರದಿಯಲ್ಲಿ ಟ್ರ್ಯಾಕಿನ ಬಾಡಿಗೆ ಬರೆದೆವು, ಅವರ ಹೆಸರು ಬರೆಯಲಿಲ್ಲ.

ಫ್ಲೂರ್, ಬಾರ್ಟೋಸರ ಕಥೆ ಓದಿ ಮುಗಿಸಿದ ಭಾನುವಾರ ಮಗಳನ್ನು ಕರೆದುಕೊಂಡು ಕಲ್ಯಾಣಕ್ಕೆ ಹೋದೆವು. ಮಾಸ್ತರರು ಚಹ ಕೊಟ್ಟರು. ನಾವು ತಪ್ಪೊಪ್ಪಿಕೊಂಡಾಗ ನಕ್ಕರು. "ಟ್ರ್ಯಾಕ್ ಒಳ್ಳೇದೇ ಮಾರಾಯ್ರೆ. ಆದ್ರೆ ಮಕ್ಕಳು ತಪ್ಪಿದ್ರೆ ಅದು ಕಾಯೂದಿಲ್ಲ" ಎಂದರು. ಮಗಳು ಅವರ ಪೆಟ್ಟಿಗೆಯ ಶ್ರುತಿಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಲೇ ಎಂದು ಕೇಳಿದಳು. "ಕೇಳಿದ್ಯಲ್ಲ, ಸಾಕು" ಎಂದು ಭಾತೆ ಒತ್ತಿದರು.

ಮುಂದಿನ ಸ್ಮರಣ ಸಂಚಿಕೆಯಲ್ಲಿ ಬಳಗದ ಪಕ್ಕವಾದ್ಯದವರೆಲ್ಲರ ಹೆಸರು ಅಚ್ಚಾಗಬೇಕೆಂದು ಸಮಿತಿಯ ಮುಂದೆ ಸೂಚನೆ ಇಟ್ಟಿದ್ದೇವೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವೀ ಮುಂಬಯಿಯ ಓದುಗರಲ್ಲಿ ಹಳೆಯ ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆ, ಫೋಟೋಗಳಿದ್ದರೆ ದಯವಿಟ್ಟು ಒಮ್ಮೆ ತೆಗೆದು ನೋಡಿ. ಹಾಡಿದವರ ಹಿಂದೆ ಕುಳಿತವರು ಯಾರೆಂದು ನೆನಪಿರುವವರು ಇನ್ನೂ ನಮ್ಮ ನಡುವೆ ಇದ್ದಾರೆ.