ಸ್ಥಳೀಯ ರಜೆ ಘೋಷಿಸುವವರು ಯಾರು? ಬ್ಯಾಂಕ್, ಖಾಸಗಿ ಕಂಪನಿಗೂ ಅನ್ವಯವೇ? ಇಲ್ಲಿದೆ ಮಾಹಿತಿ

ಜಿಲ್ಲೆಗೆ ಸ್ಥಳೀಯ ರಜೆ ಎಂಬ ಸುದ್ದಿ ಬಂದರೆ ಅಂದು ಎಲ್ಲವೂ ಬಂದ್ ಎಂದುಕೊಳ್ಳುವವರೇ ಹೆಚ್ಚು. ಆದರೆ ಶಾಲೆಗೆ ರಜೆ ಇರುವ ದಿನವೇ ಬ್ಯಾಂಕ್ ತೆರೆದಿರಬಹುದು, ಕಾರ್ಖಾನೆ ಎಂದಿನಂತೆ ನಡೆಯಬಹುದು. ರಜೆಯನ್ನು ಯಾವ ಕಾನೂನಿನಡಿ ಘೋಷಿಸಲಾಗಿದೆ ಎಂಬುದರ ಮೇಲೆ ಅದು ಯಾರಿಗೆ ಸಿಗುತ್ತದೆ, ಸಂಬಳ ಸಿಗುತ್ತದೆಯೇ ಎಂಬುದು ನಿರ್ಧಾರವಾಗುತ್ತದೆ.

ಹಬ್ಬದ ರಜೆ: ಕರ್ನಾಟಕ ಸರ್ಕಾರದ ವಾರ್ಷಿಕ ರಜಾ ಪಟ್ಟಿಯಲ್ಲಿ ಕೈಲ್ ಮುಹೂರ್ತ, ತುಲಾ ಸಂಕ್ರಮಣ ಮತ್ತು ಹುತ್ತರಿಗೆ ಕೊಡಗು ಜಿಲ್ಲೆಗೆ ಮಾತ್ರ ಸ್ಥಳೀಯ ರಜೆ ಇರುತ್ತದೆ. ತಮಿಳುನಾಡಿನಲ್ಲಿ ರಥೋತ್ಸವ, ಚರ್ಚ್ ಹಬ್ಬಗಳಿಗೆ ಆಯಾ ಜಿಲ್ಲಾಧಿಕಾರಿಗಳೇ ರಜೆ ಘೋಷಿಸುತ್ತಾರೆ. ಇದಕ್ಕೆ ಬದಲಾಗಿ ಸಾಮಾನ್ಯವಾಗಿ ಒಂದು ಶನಿವಾರ ಕೆಲಸ ಮಾಡಬೇಕಾಗುತ್ತದೆ.

ಬ್ಯಾಂಕ್: 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಸೆಕ್ಷನ್ ಅಡಿ ಅಧಿಸೂಚನೆ ಹೊರಡಿಸಿದ ಸಾರ್ವಜನಿಕ ರಜೆಯಂದು ಬ್ಯಾಂಕ್‌ಗಳು ಮುಚ್ಚಿರುತ್ತವೆ. ತಮಿಳುನಾಡಿನ ಸ್ಥಳೀಯ ರಜೆ ಆದೇಶಗಳಲ್ಲಿ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದೇ ನಮೂದಿಸುವುದು ರೂಢಿ. ಹೀಗಾಗಿ ಅಂದು ಖಜಾನೆಗಳು ಕನಿಷ್ಠ ಸಿಬ್ಬಂದಿಯೊಂದಿಗೆ ಕೆಲಸ ಮಾಡುತ್ತವೆ.

ಮಳೆ ರಜೆ: ಕರಾವಳಿ, ಮಲೆನಾಡಿನಲ್ಲಿ ಭಾರಿ ಮಳೆಯಾದಾಗ ಜಿಲ್ಲಾಧಿಕಾರಿಗಳು ನೀಡುವ ರಜೆ ಸಾಮಾನ್ಯವಾಗಿ ಅಂಗನವಾಡಿ, ಶಾಲೆ, ಕಾಲೇಜುಗಳಿಗೆ ಸೀಮಿತ. ಕಚೇರಿ ನೌಕರರಿಗೆ ಇದು ಅನ್ವಯಿಸುವುದಿಲ್ಲ.

ಖಾಸಗಿ ಉದ್ಯೋಗಿಗಳು: ಸರ್ಕಾರಿ ಕಚೇರಿಗೆ ರಜೆ ಎಂದಾಕ್ಷಣ ಖಾಸಗಿ ಸಂಸ್ಥೆ ರಜೆ ಕೊಡಲೇಬೇಕೆಂದಿಲ್ಲ. ಕರ್ನಾಟಕದಲ್ಲಿ ಇದಕ್ಕೆ 1963ರ ಪ್ರತ್ಯೇಕ ಕಾಯ್ದೆ ಇದೆ. ಅದರಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಹಾಗೂ ಇನ್ನೂ ಐದು ಹಬ್ಬದ ದಿನಗಳಿಗೆ ವೇತನಸಹಿತ ರಜೆ ಸಿಗುತ್ತದೆ. ಊರಿನ ಜಾತ್ರೆಗೆ ರಜೆ ಬೇಕಿದ್ದರೆ ಅದು ಈ ಐದರಲ್ಲಿ ಸೇರಿರಬೇಕು, ಇಲ್ಲವೇ ಸ್ವಂತ ರಜೆ ಹಾಕಬೇಕು.

ಮತದಾನದ ದಿನ: ಇಲ್ಲಿ ನಿಯಮ ಬೇರೆ. 1951ರ ಜನಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್ ಪ್ರಕಾರ ದಿನಗೂಲಿ ನೌಕರರೂ ಸೇರಿದಂತೆ ಮತದಾರರಿಗೆ ವೇತನಸಹಿತ ರಜೆ ನೀಡಬೇಕು, ಕೂಲಿ ಕಡಿತ ಮಾಡುವಂತಿಲ್ಲ. ಉಲ್ಲಂಘಿಸಿದ ಮಾಲೀಕರಿಗೆ ₹500ರವರೆಗೆ ದಂಡವಿದೆ. ಗೈರುಹಾಜರಿಯಿಂದ ಅಪಾಯ ಅಥವಾ ಭಾರಿ ನಷ್ಟ ಆಗಬಹುದಾದ ಕೆಲಸಗಳಿಗೆ ಮಾತ್ರ ವಿನಾಯಿತಿ. ಕ್ಷೇತ್ರದಿಂದ ಹೊರಗೆ ದುಡಿಯುವ ಮತದಾರರಿಗೂ ಈ ರಜೆ ಅನ್ವಯ ಎಂದು ಚುನಾವಣಾ ಆಯೋಗ ಸ್ಪಷ್ಟಪಡಿಸಿದೆ. ಅಂದರೆ ಮುಂಬೈ ಅಥವಾ ಪುಣೆಯಲ್ಲಿ ಕೆಲಸದಲ್ಲಿದ್ದು, ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವವರೂ ಈ ರಜೆ ಕೇಳಬಹುದು.

ಯಾವುದೇ ರಜೆ ಘೋಷಣೆಯಾದರೂ ಆದೇಶದಲ್ಲಿ ಯಾವ ತಾಲ್ಲೂಕು, ಯಾವ ಸಂಸ್ಥೆಗಳು, ಯಾವ ಕಾಯ್ದೆ ಎಂಬ ಮೂರು ಅಂಶಗಳನ್ನು ನೋಡಿಕೊಂಡರೆ ಗೊಂದಲ ಇರುವುದಿಲ್ಲ.